ಬ್ಲೀಚಿಂಗ್ ಪೌಡರ್ ಹಾಕಿದ್ದಾರೆ ಸರಿ, ಕ್ಲೋರಿನ್ ಉಳಿದಿದೆಯಾ?

ಊರಲ್ಲಿ ಜಾತ್ರೆ ಇದ್ದರೆ, ಮಂತ್ರಿಗಳು ಬರುವುದಿದ್ದರೆ, ಅಥವಾ ನಾಲ್ಕು ಮನೆಯಲ್ಲಿ ವಾಂತಿಭೇದಿ ಶುರುವಾದರೆ, ಮರುದಿನ ಬೆಳಿಗ್ಗೆ ಚರಂಡಿ ಅಂಚಿಗೆ ಬಿಳಿ ಪುಡಿಯ ಗೆರೆ ಬಿದ್ದಿರುತ್ತದೆ. ದೂರದಿಂದಲೇ ಘಾಟು ಮೂಗಿಗೆ ಬಡಿಯುತ್ತದೆ. ಅದೇ ಬ್ಲೀಚಿಂಗ್ ಪೌಡರ್. ಇದೇ ಪುಡಿ ಕುಡಿಯುವ ನೀರಿನ ಟ್ಯಾಂಕಿಗೂ ಬೀಳುತ್ತದೆ, ಬಾವಿಗೂ ಬೀಳುತ್ತದೆ, ಆಸ್ಪತ್ರೆಯಲ್ಲಿ ನೆಲ ಒರೆಸುವ ಬಕೆಟ್ಟಿಗೂ ಬೀಳುತ್ತದೆ. "ಪೌಡರ್ ಹಾಕ್ಸಿದೀವಿ" ಅಂತ ಪಂಚಾಯ್ತಿಯವರು ಹೇಳಿದರೆ ನಮಗೂ ಸಮಾಧಾನ. ಕೆಲಸ ಆಯ್ತು ಅಂದುಕೊಳ್ಳುತ್ತೇವೆ.

ಎಷ್ಟೋ ಸಲ ಆಗಿರುವುದಿಲ್ಲ. ಹಾಕಿದ ಕ್ಲೋರಿನ್ ಬೇರೆ, ಉಳಿದ ಕ್ಲೋರಿನ್ ಬೇರೆ. ನಮ್ಮನ್ನು ಕಾಯುವುದು ಉಳಿದದ್ದು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಇಂಥ ಸುದ್ದಿ ಓದಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಈ ಪುಡಿ ಹೇಗೆ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಅನ್ನುವುದು ನೀರುಗಂಟಿಗೆ ಗೊತ್ತಿದ್ದರೆ ಸಾಲದು, ನಲ್ಲಿ ನೀರು ಕುಡಿಯುವ ಎಲ್ಲರಿಗೂ ಗೊತ್ತಿರಬೇಕು.

ಉಪ್ಪು, ಕರೆಂಟು, ಸುಣ್ಣ

ಈ ಪುಡಿಯ ಮೂಲ ಅಡುಗೆ ಉಪ್ಪು. ಉಪ್ಪು ನೀರಿನಲ್ಲಿ ಕರೆಂಟ್ ಹಾಯಿಸಿದರೆ ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಜನ್ ಜೊತೆಗೆ ಕ್ಲೋರಿನ್ ಅನಿಲವೂ ಹುಟ್ಟುತ್ತದೆ. ಕಾರವಾರದ ಹತ್ತಿರ ಬಿಣಗಾದಲ್ಲಿರುವ ಕಾಸ್ಟಿಕ್ ಸೋಡಾ ಕಾರ್ಖಾನೆಯಂಥ ಕಡೆ ನಡೆಯುವುದು ಇದೇ ಕೆಲಸ. ಕ್ಲೋರಿನ್ ಹಳದಿ-ಹಸಿರು ಬಣ್ಣದ ವಿಷಾನಿಲ. ಅದನ್ನು ಸಿಲಿಂಡರಿನಲ್ಲಿ ತುಂಬಿ ಪ್ರತಿ ಹಳ್ಳಿಗೂ ಕಳಿಸುವುದು ಆಗದ ಮಾತು. ಹಾಗಾಗಿ ಆ ಅನಿಲವನ್ನು ಅರಳಿಸಿದ ಸುಣ್ಣದ ಮೇಲೆ ಹಾಯಿಸುತ್ತಾರೆ. ಸುಣ್ಣ ಕ್ಲೋರಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಗುವುದು ಬಿಳಿ ಪುಡಿ. ಅದರಲ್ಲಿ ಕೆಲಸ ಮಾಡುವ ಅಂಶ ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಮಿಕ್ಕಿದ್ದು ಸುಣ್ಣ ಮತ್ತು ಬೇರೆ ಲವಣಗಳು.

ಒಳ್ಳೆಯ ಹೊಸ ಪುಡಿಯಲ್ಲಿ ಉಪಯೋಗಕ್ಕೆ ಬರುವ ಕ್ಲೋರಿನ್ ಸುಮಾರು 33 ಶೇಕಡಾ. ಅಂದರೆ ಒಂದು ಗ್ರಾಂ ಪುಡಿಯಲ್ಲಿ 330 ಮಿಲಿಗ್ರಾಂ. ಈ ಅಂಕಿ ನೆನಪಿರಲಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ. ಸುಣ್ಣದ ಬದಲು ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಕ್ಲೋರಿನ್ ಹಾಯಿಸಿದರೆ ಸೋಡಿಯಂ ಹೈಪೋಕ್ಲೋರೈಟ್ ಅನ್ನುವ ದ್ರವ ಸಿಗುತ್ತದೆ. ಆಸ್ಪತ್ರೆಗಳಲ್ಲಿ "ಹೈಪೋ" ಅನ್ನುವುದು ಇದನ್ನೇ. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಬಟ್ಟೆ ಬಿಳಿ ಮಾಡುವ ಬ್ಲೀಚ್ ಕೂಡ ಇದೇ. ನೀರಿಗೆ ಬಿದ್ದ ಮೇಲೆ ಪುಡಿಗೂ ದ್ರವಕ್ಕೂ ಕೆಲಸದಲ್ಲಿ ವ್ಯತ್ಯಾಸ ಇಲ್ಲ.

ಬಟ್ಟೆಯಿಂದ ಹೆರಿಗೆ ವಾರ್ಡಿಗೆ

ಇದು ರೋಗ ತಡೆಯಲು ಹುಟ್ಟಿದ ವಸ್ತುವೇ ಅಲ್ಲ. ಯುರೋಪಿನಲ್ಲಿ ಒಂದು ಕಾಲಕ್ಕೆ ನೇಯ್ದ ಲಿನನ್ ಬಟ್ಟೆಯನ್ನು ಹುಲ್ಲುಗಾವಲಿನಲ್ಲಿ ಹರವಿ, ಹುಳಿ ಹಾಲಿನಲ್ಲಿ ನೆನೆಸಿ, ಮತ್ತೆ ಬಿಸಿಲಿಗೆ ಹಾಕಿ, ಬಿಳಿ ಮಾಡಲು ತಿಂಗಳುಗಟ್ಟಲೆ ಕಾಯುತ್ತಿದ್ದರು. 1774ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಕ್ಲೋರಿನ್ ಕಂಡುಹಿಡಿದರು. ಅದಾಗಿ ಕಾಲು ಶತಮಾನಕ್ಕೆ, 1799ರಲ್ಲಿ, ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಸುಣ್ಣಕ್ಕೆ ಕ್ಲೋರಿನ್ ಹಿಡಿಸಿ ಪುಡಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ತಿಂಗಳ ಕೆಲಸ ದಿನಗಳಿಗೆ ಇಳಿಯಿತು.

ಬಟ್ಟೆ ಬಿಳಿ ಮಾಡುವುದರ ಜೊತೆಗೆ ಇದು ಕೊಳೆತ ವಾಸನೆಯನ್ನೂ ಹೊಡೆದೋಡಿಸುತ್ತದೆ ಅನ್ನುವುದು ಬೇಗ ಗೊತ್ತಾಯಿತು. ಆ ಒಂದು ಗುಣದಿಂದಲೇ ವೈದ್ಯಕೀಯದ ದೊಡ್ಡ ಕಥೆಯೊಂದು ನಡೆಯಿತು.

1840ರ ದಶಕ, ವಿಯೆನ್ನಾದ ಜನರಲ್ ಆಸ್ಪತ್ರೆ. ಅಲ್ಲಿ ಎರಡು ಹೆರಿಗೆ ವಾರ್ಡ್. ಒಂದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರುಗಳ ವಾರ್ಡಿನಲ್ಲಿ ಬಾಣಂತಿ ಜ್ವರಕ್ಕೆ ನೂರರಲ್ಲಿ ಹತ್ತು ತಾಯಂದಿರು ಸಾಯುತ್ತಿದ್ದರು. ಸೂಲಗಿತ್ತಿಯರ ವಾರ್ಡಿನಲ್ಲಿ ನಾಲ್ಕರ ಆಸುಪಾಸು. ಊರಿನ ಹೆಂಗಸರಿಗೂ ಇದು ಗೊತ್ತಿತ್ತು. ಮೊದಲನೇ ವಾರ್ಡಿಗೆ ಹಾಕಬೇಡಿ ಅಂತ ಅಂಗಲಾಚುತ್ತಿದ್ದರು. ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡವರು ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ಕಿರಿಯ ವೈದ್ಯ.

1847ರಲ್ಲಿ ಅವರ ಸ್ನೇಹಿತ ಪ್ರೊಫೆಸರ್ ಕೊಲೆಚ್ಕಾ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ, ಬಾಣಂತಿ ಜ್ವರದ್ದೇ ಲಕ್ಷಣ ಕಾಣಿಸಿಕೊಂಡು ತೀರಿಕೊಂಡರು. ಆಗ ಸೆಮ್ಮೆಲ್‌ವೈಸ್‌ಗೆ ಹೊಳೆಯಿತು. ಡಾಕ್ಟರುಗಳು ಬೆಳಿಗ್ಗೆ ಹೆಣ ಕೊಯ್ದು, ಅದೇ ಕೈಯಲ್ಲಿ ಹೆರಿಗೆ ಮಾಡಿಸುತ್ತಿದ್ದಾರೆ. ಸೂಲಗಿತ್ತಿಯರು ಹೆಣ ಮುಟ್ಟುವುದಿಲ್ಲ. ಸೋಪಿನಲ್ಲಿ ತೊಳೆದರೂ ಕೈಯಿಂದ ಹೆಣದ ವಾಸನೆ ಹೋಗುತ್ತಿರಲಿಲ್ಲ. ವಾಸನೆ ಹೋಗದಿದ್ದರೆ ಆ ವಾಸನೆಗೆ ಕಾರಣವಾದದ್ದೂ ಹೋಗಿಲ್ಲ ಅಂತ ಅವರು ತರ್ಕಿಸಿದರು. ವಾಸನೆ ತೆಗೆಯಲು ಯಾವುದು ಒಳ್ಳೆಯದು ಅಂತ ನೋಡಿ, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಎಲ್ಲರೂ ಕೈ ತೊಳೆಯಲೇಬೇಕು ಅಂತ ಮೇ ತಿಂಗಳಲ್ಲಿ ನಿಯಮ ಮಾಡಿದರು. ಏಪ್ರಿಲಿನಲ್ಲಿ ಆ ವಾರ್ಡಿನ ಸಾವು ನೂರಕ್ಕೆ 18 ದಾಟಿತ್ತು. ಜೂನಿಗೆ ಸುಮಾರು 2ಕ್ಕೆ ಇಳಿಯಿತು.

ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆ ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಸೆಮ್ಮೆಲ್‌ವೈಸ್‌ಗೂ ಗೊತ್ತಿರಲಿಲ್ಲ. ಬರೀ ಎಣಿಕೆ ಮತ್ತು ಗಮನದಿಂದ ಅವರು ಅಲ್ಲಿಗೆ ತಲುಪಿದರು. ಹಿರಿಯ ಡಾಕ್ಟರುಗಳು ಒಪ್ಪಲಿಲ್ಲ. ನಮ್ಮ ಕೈಯಿಂದಲೇ ತಾಯಂದಿರು ಸತ್ತರು ಅಂತ ಒಪ್ಪಿಕೊಳ್ಳುವುದು ಸುಲಭವೂ ಅಲ್ಲ. 1865ರಲ್ಲಿ ಅವರು ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಈ ಕಥೆಯನ್ನು ಎಷ್ಟು ಸಲ ಓದಿದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕುಡಿಯುವ ನೀರಿಗೆ ಕ್ಲೋರಿನ್ ಬರಲು ಇನ್ನೂ ಕಾಲ ಹಿಡಿಯಿತು. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಟೈಫಾಯ್ಡ್ ಹರಡಿದಾಗ ಅಲೆಕ್ಸಾಂಡರ್ ಹೂಸ್ಟನ್ ನೀರಿಗೆ ಹೈಪೋಕ್ಲೋರೈಟ್ ಬೆರೆಸಿದರು. ಅಮೆರಿಕದ ಜೆರ್ಸಿ ಸಿಟಿಯಲ್ಲಿ ನೀರು ಶುದ್ಧವಾಗಿಲ್ಲ ಅಂತ ನಗರಾಡಳಿತ ನೀರಿನ ಕಂಪನಿಯನ್ನು ಕೋರ್ಟಿಗೆ ಎಳೆದಿತ್ತು. ಕಂಪನಿಯ ಸಲಹೆಗಾರ ಡಾಕ್ಟರ್ ಜಾನ್ ಲೀಲ್ ಯಾರ ಅನುಮತಿಗೂ ಕಾಯದೆ ಬೂಂಟನ್ ಜಲಾಶಯದ ನೀರಿಗೆ ಬ್ಲೀಚಿಂಗ್ ಪೌಡರಿನ ದ್ರಾವಣ ಸೇರಿಸುವ ಘಟಕ ಕಟ್ಟಿಸಿದರು. ಅದು 1908ರ ಸೆಪ್ಟೆಂಬರ್ 26ಕ್ಕೆ ಶುರುವಾಯಿತು. ಜನರಿಗೆ ವಿಷ ಕುಡಿಸುತ್ತಿದ್ದಾರೆ ಅನ್ನುವ ಭಯ ಆಗ ದೊಡ್ಡದಾಗಿಯೇ ಇತ್ತು. ಕೋರ್ಟು ಕೊನೆಗೆ ಅವರ ವಿಧಾನವನ್ನು ಒಪ್ಪಿತು. ಆಮೇಲೆ ಒಂದೊಂದೇ ನಗರ ಇದೇ ದಾರಿ ಹಿಡಿಯಿತು.

ನೀರಿನೊಳಗೆ ಏನಾಗುತ್ತದೆ

ಪುಡಿ ನೀರಿಗೆ ಬಿದ್ದಾಗ ಹೈಪೋಕ್ಲೋರಸ್ ಆಮ್ಲ ಹುಟ್ಟುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ನಿಜವಾದ ಕೆಲಸಗಾರ ಇದು. ಇದರ ಕಣ ಚಿಕ್ಕದು, ಅದಕ್ಕೆ ವಿದ್ಯುದಂಶ ಇಲ್ಲ. ಹಾಗಾಗಿ ಬ್ಯಾಕ್ಟೀರಿಯಾದ ಗೋಡೆ ದಾಟಿ ಒಳಗೆ ನುಗ್ಗುತ್ತದೆ, ಒಳಗಿನ ಪ್ರೋಟೀನುಗಳನ್ನು, ಕಿಣ್ವಗಳನ್ನು ಹಾಳುಗೆಡವುತ್ತದೆ. ಈ ಆಮ್ಲದ ಒಂದು ಭಾಗ ನೀರಿನಲ್ಲಿ ಒಡೆದು ಹೈಪೋಕ್ಲೋರೈಟ್ ಅಯಾನು ಆಗುತ್ತದೆ. ಅದಕ್ಕೆ ಋಣ ವಿದ್ಯುದಂಶ ಇದೆ, ಬ್ಯಾಕ್ಟೀರಿಯಾದ ಮೈಗೂ ಋಣ ವಿದ್ಯುದಂಶವೇ ಇರುವುದರಿಂದ ಅದು ಹತ್ತಿರ ಹೋಗುವುದೇ ಕಷ್ಟ. ಆಮ್ಲಕ್ಕೆ ಹೋಲಿಸಿದರೆ ಅದರ ಶಕ್ತಿ ತೀರಾ ಕಡಿಮೆ.

ಇವೆರಡರಲ್ಲಿ ಯಾವುದು ಜಾಸ್ತಿ ಅನ್ನುವುದನ್ನು ನೀರಿನ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಅನ್ನುವ ಅಳತೆ, ತೀರ್ಮಾನಿಸುತ್ತದೆ. ಪಿಎಚ್ 7 ಇದ್ದರೆ ಮುಕ್ಕಾಲು ಪಾಲು ಬಲವಾದ ಆಮ್ಲದ ರೂಪದಲ್ಲಿರುತ್ತದೆ. 8ಕ್ಕೆ ಹೋದರೆ ಅದು ಕಾಲು ಪಾಲಿಗೆ ಇಳಿಯುತ್ತದೆ. 8.5 ಆದರೆ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ನಮ್ಮ ಬಯಲುಸೀಮೆಯ ಎಷ್ಟೋ ಬೋರ್‌ವೆಲ್ ನೀರು ಗಡಸು, ಪಿಎಚ್ 8ರ ಹತ್ತಿರ. ಅಂಥ ನೀರಿಗೆ ಪುಡಿ ಹಾಕಿದಾಗ ಅದಕ್ಕೆ ಕೆಲಸ ಮಾಡಲು ಹೆಚ್ಚು ಹೊತ್ತು ಬೇಕು. ಸಾಮಾನ್ಯ ನೀರಿಗೂ ಕನಿಷ್ಠ ಅರ್ಧ ಗಂಟೆ ಕೊಡಲೇಬೇಕು. ಪುಡಿ ಸುರಿದು ಹತ್ತು ನಿಮಿಷಕ್ಕೆ ವಾಲ್ವ್ ತಿರುಗಿಸಿದರೆ ಮೊದಲ ಸಾಲಿನ ಮನೆಗಳಿಗೆ ಹೋಗುವುದು ಘಾಟಿನ ನೀರು ಮಾತ್ರ, ಶುದ್ಧವಾದ ನೀರಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳುವುದು. ಕ್ಲೋರಿನ್ ಖರ್ಚಾಗುವ ವಸ್ತು. ಬ್ಯಾಕ್ಟೀರಿಯಾ ಯಾವುದು, ಕೊಳೆತ ಎಲೆ ಯಾವುದು ಅಂತ ಅದು ನೋಡುವುದಿಲ್ಲ. ಎದುರಿಗೆ ಸಿಕ್ಕ ಕಬ್ಬಿಣದ ಅಂಶ, ಪಾಚಿ, ಮಣ್ಣಿನ ಜೊತೆಗಿರುವ ಕೊಳೆ, ಚರಂಡಿಯಿಂದ ಸೇರಿದ ಅಮೋನಿಯಾ, ಎಲ್ಲದರ ಜೊತೆಗೂ ಸೇರಿ ಖಾಲಿಯಾಗುತ್ತದೆ. ಒಂದನೇ ತಾರೀಖು ಸಂಬಳ ಬಂದ ಕೂಡಲೇ ಸಾಲದ ಕಂತು, ಬಾಡಿಗೆ, ಸ್ಕೂಲ್ ಫೀಸು ಕಿತ್ತುಕೊಂಡ ಮೇಲೆ ಉಳಿದದ್ದರಲ್ಲಿ ಮನೆ ನಡೆಯಬೇಕಲ್ವಾ, ಹಾಗೆಯೇ ಇದು. ಕೊಳೆ ತಿಂದು ಮಿಕ್ಕಿದ್ದನ್ನು ಉಳಿಕೆ ಕ್ಲೋರಿನ್ ಅನ್ನುತ್ತಾರೆ.

ಈಗ ಚರಂಡಿ ಪಕ್ಕದ ಬಿಳಿ ಗೆರೆಗೆ ಬನ್ನಿ. ಮಣ್ಣು, ಕಸ, ಬಿಸಿಲು, ಮೂರೂ ಕ್ಲೋರಿನ್ ತಿನ್ನುತ್ತವೆ. ಒಣ ಪುಡಿ ಒಣ ನೆಲದ ಮೇಲೆ ಬಿದ್ದರೆ ಹೈಪೋಕ್ಲೋರಸ್ ಆಮ್ಲ ಆಗಲು ಬೇಕಾದ ನೀರೇ ಅಲ್ಲಿಲ್ಲ. ವಾಸನೆ ಸ್ವಲ್ಪ ಕಡಿಮೆಯಾಗಬಹುದು. ಮನೆಯೊಳಗಿನ ಕೊಡದ ನೀರಿಗೂ ಆ ಗೆರೆಗೂ ಸಂಬಂಧ ಇಲ್ಲ. ವಾಂತಿಭೇದಿ ಬಂದ ಊರಿನಲ್ಲಿ ಚೀಲಗಟ್ಟಲೆ ಪುಡಿಯನ್ನು ರಸ್ತೆಗೆ ಸುರಿದು, ಒಡೆದ ಪೈಪನ್ನು ಹಾಗೇ ಬಿಡುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆ ಪುಡಿ ಟ್ಯಾಂಕಿಗೆ, ಬಾವಿಗೆ ಸರಿಯಾದ ಅಳತೆಯಲ್ಲಿ ಹೋಗಬೇಕಿತ್ತು.

ವಾಸನೆಯ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ನೀರಿನಲ್ಲಿ ಅಮೋನಿಯಾ ಇದ್ದರೆ ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಈಜುಕೊಳದಲ್ಲಿ ಕಣ್ಣು ಉರಿಸುವ, ಮೂಗು ಚುಚ್ಚುವ ವಾಸನೆ ಹೆಚ್ಚಾಗಿ ಇದರದ್ದು. ಬೆವರು, ಮೂತ್ರ ಸೇರಿದ ನೀರಿನ ಗುರುತು ಅದು. ಕ್ಲೋರಿನ್ ಇನ್ನೂ ಹಾಕುತ್ತಾ ಹೋದರೆ ಒಂದು ಹಂತದಲ್ಲಿ ಕ್ಲೋರಮೈನೂ ಒಡೆದು ಹೋಗುತ್ತದೆ, ವಾಸನೆ ಇಳಿಯುತ್ತದೆ. ಅಲ್ಲಿಂದ ಮುಂದೆ ಹಾಕಿದ್ದೆಲ್ಲ ಮುಕ್ತವಾಗಿ ಉಳಿಯುತ್ತದೆ. ಹಾಗಾಗಿ ಘಾಟು ವಾಸನೆ ಬಂದರೆ ಕ್ಲೋರಿನ್ ಜಾಸ್ತಿಯಾಗಿದೆ ಅಂತ ಮಾತ್ರ ಅರ್ಥವಲ್ಲ. ಕೆಲವೊಮ್ಮೆ ಸಾಲಲಿಲ್ಲ ಅಂತಲೂ ಅರ್ಥ.

ಟ್ಯಾಂಕಿನ ಹತ್ತಿರ

ಐವತ್ತು ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕ್ ಇದೆ ಅಂದುಕೊಳ್ಳಿ. ನೀರು ತಿಳಿಯಾಗಿದೆ, ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಕೊಡಬೇಕು. ಒಟ್ಟು ಬೇಕಾದದ್ದು 100 ಗ್ರಾಂ ಕ್ಲೋರಿನ್. ಪುಡಿಯಲ್ಲಿ ಅದು ಮೂರನೇ ಒಂದು ಪಾಲು ಇರುವುದರಿಂದ 300 ಗ್ರಾಂ ಪುಡಿ ಸಾಕು. ಆದರೆ ಬಾಯಿ ತೆರೆದಿಟ್ಟ ಚೀಲದ ಹಳೆಯ ಪುಡಿಯಲ್ಲಿ 10 ಶೇಕಡಾ ಮಾತ್ರ ಉಳಿದಿದ್ದರೆ? ಆಗ ಒಂದು ಕಿಲೋ ಬೇಕು. ನೀರುಗಂಟಿ ಪ್ರತಿದಿನವೂ ಅದೇ ಡಬ್ಬದಲ್ಲಿ ಅಳೆದು ಹಾಕುತ್ತಾನೆ, ಅವನದ್ದೇನೂ ತಪ್ಪಿಲ್ಲ. ಚೀಲದೊಳಗಿನ ಶಕ್ತಿ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಿರುತ್ತದೆ. ಗಾಳಿಯ ತೇವ, ಬೆಳಕು, ಬಿಸಿ, ಮೂರೂ ಈ ಪುಡಿಗೆ ಶತ್ರುಗಳು. ಪಂಪ್‌ಹೌಸಿನ ಮೂಲೆಯಲ್ಲಿ ತಗಡಿನ ಕೆಳಗೆ ಗಂಟುಗಂಟಾಗಿ ಒದ್ದೆಯಾಗಿ ಕೂತಿರುವ, ಮೂಗಿನ ಹತ್ತಿರ ಹಿಡಿದರೂ ಘಾಟಿಲ್ಲದ ಪುಡಿ ಬಹುಪಾಲು ಬರೀ ಸುಣ್ಣ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ತಂಪಾದ ಕತ್ತಲ ಜಾಗದಲ್ಲಿಡಬೇಕು. ಕಬ್ಬಿಣದ ಡಬ್ಬ ತುಕ್ಕು ಹಿಡಿದು ತೂತಾಗುತ್ತದೆ. ಡೀಸೆಲ್, ಎಣ್ಣೆ ಚಿಂದಿಯ ಪಕ್ಕ ಇಡಲೇಬಾರದು, ಬೆಂಕಿ ಹತ್ತಿಕೊಳ್ಳುವ ಅಪಾಯ ಇದೆ.

ಹಾಕುವ ಕ್ರಮ ಹೀಗೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಡಿ ತೆಗೆದುಕೊಂಡು, ಸ್ವಲ್ಪವೇ ನೀರು ಬಿಟ್ಟು, ಕೋಲಿನಲ್ಲಿ ಗಂಟಿಲ್ಲದ ಹಾಗೆ ಕಲಸಬೇಕು. ಆಮೇಲೆ ಬಕೆಟ್ ಮುಕ್ಕಾಲು ಆಗುವಷ್ಟು ನೀರು ಸೇರಿಸಿ ಚೆನ್ನಾಗಿ ತಿರುಗಿಸಿ ಸುಮ್ನೆ ಬಿಡಬೇಕು. ಐದು ಹತ್ತು ನಿಮಿಷಕ್ಕೆ ಸುಣ್ಣ ತಳಕ್ಕೆ ಕೂರುತ್ತದೆ. ಕ್ಲೋರಿನ್ ಇರುವುದು ಮೇಲಿನ ತಿಳಿ ನೀರಿನಲ್ಲಿ. ಆ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಟ್ಯಾಂಕಿಗೆ ಬಿಡಬೇಕು. ತಳದ ಸುಣ್ಣ ಟ್ಯಾಂಕಿಗೂ ಬಾವಿಗೂ ಹೋಗಬಾರದು, ಅದು ನೀರಿನ ಗಡಸುತನ ಹೆಚ್ಚಿಸುತ್ತದೆ ಅಷ್ಟೆ. ಕೆಲವು ಕಡೆ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಟ್ಯಾಂಕಿಗೆ ಇಳಿಬಿಡುತ್ತಾರೆ. ಅದರಿಂದ ಎಷ್ಟು ಕ್ಲೋರಿನ್ ಯಾವಾಗ ಬಿಡುಗಡೆಯಾಯಿತು ಅಂತ ಹೇಳಲು ಆಗುವುದಿಲ್ಲ. ಗಂಟಿನ ಸುತ್ತ ಜಾಸ್ತಿ, ದೂರದ ಮೂಲೆಯಲ್ಲಿ ಇಲ್ಲವೇ ಇಲ್ಲ.

ಬಾವಿಗಾದರೆ ಮೊದಲು ನೀರೆಷ್ಟಿದೆ ಅಂತ ಲೆಕ್ಕ ಹಾಕಬೇಕು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಐದು ಮೀಟರ್ ನೀರಿದ್ದರೆ ಸುಮಾರು 15,700 ಲೀಟರ್. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಹೊಸ ಪುಡಿ 95 ಗ್ರಾಂ. ತಿಳಿ ತುಂಬಿದ ಬಕೆಟ್ಟನ್ನು ಹಗ್ಗದಲ್ಲಿ ಇಳಿಸಿ, ನೀರಿನೊಳಗೆ ಮುಳುಗಿಸಿ, ಮೇಲೆ ಕೆಳಗೆ ಜೋರಾಗಿ ಜಗ್ಗಬೇಕು, ಆಗ ಎಲ್ಲ ಕಡೆ ಬೆರೆಯುತ್ತದೆ. ಕನಿಷ್ಠ ಒಂದು ಗಂಟೆ ಯಾರೂ ಸೇದಬಾರದು. ರಾತ್ರಿ ಹಾಕಿದರೆ ಬೆಳಗಿನವರೆಗೆ ಸಮಯ ಸಿಗುತ್ತದೆ.

ದಿನವೂ ಸೇದುವ ಬಾವಿಗೆ ನಾಗಪುರದ "ನೀರಿ" (NEERI, ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಒಂದು ಸರಳ ಉಪಾಯ ಮಾಡಿಕೊಟ್ಟಿದೆ. ಒಂದರೊಳಗೊಂದು ಎರಡು ಮಡಿಕೆ. ಒಳಗಿನದರಲ್ಲಿ ಒಂದು ಕಿಲೋ ಪುಡಿ ಮತ್ತು ಎರಡು ಕಿಲೋ ದಪ್ಪ ಮರಳಿನ ಮಿಶ್ರಣ. ಎರಡಕ್ಕೂ ಒಂದೊಂದು ಸಣ್ಣ ತೂತು. ಬಾಯಿ ಕಟ್ಟಿ ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೆ ತೂಗುಬಿಟ್ಟರೆ ಚಿಕ್ಕ ಮನೆ ಬಾವಿಗೆ ಎರಡು ಮೂರು ವಾರ ಕ್ಲೋರಿನ್ ನಿಧಾನವಾಗಿ ಇಳಿಯುತ್ತಿರುತ್ತದೆ. ಮನೆಗೊಂದು ಬಾವಿ ಇರುವ ಕರಾವಳಿ, ಮಲೆನಾಡಿನಲ್ಲಿ ಇದು ಬಹಳ ಉಪಯೋಗದ್ದು. ಬಟ್ಟೆ ಗಂಟಿಗೂ ಇದಕ್ಕೂ ವ್ಯತ್ಯಾಸ ಇರುವುದು ಮರಳು ಮತ್ತು ತೂತಿನ ಅಳತೆಯಲ್ಲಿ.

ಮಳೆಗಾಲದ ಕೆಂಪು ನೀರಿಗೆ ನೇರವಾಗಿ ಪುಡಿ ಹಾಕುವುದು ದಂಡ. ಮಣ್ಣಿನ ಕಣದೊಳಗೆ ಬ್ಯಾಕ್ಟೀರಿಯಾ ಅವಿತುಕೊಳ್ಳುತ್ತದೆ, ಕ್ಲೋರಿನ್ ಹೊರಗಿನ ಕೊಳೆಗೇ ಮುಗಿದುಹೋಗುತ್ತದೆ. ಮೊದಲು ಆಲಂ ಹಾಕಿ ತಿಳಿಯಾಗಿಸಬೇಕು, ಸೋಸಬೇಕು, ಆಮೇಲೆ ಕ್ಲೋರಿನ್.

ಮನೆಯ ಸಂಪು, ಸಿಂಟೆಕ್ಸ್ ತೊಳೆದ ಮೇಲೆ ಒಮ್ಮೆ ಜೋರಾಗಿ ಶುದ್ಧ ಮಾಡಬೇಕಾದರೆ ಸಾವಿರ ಲೀಟರಿಗೆ ಸುಮಾರು 150 ಗ್ರಾಂ ಪುಡಿಯ ತಿಳಿ ಹಾಕಿ ರಾತ್ರಿಯಿಡೀ ಬಿಡಿ. ಅದು ಲೀಟರಿಗೆ 50 ಮಿಲಿಗ್ರಾಂ, ಕುಡಿಯುವ ಪ್ರಮಾಣ ಅಲ್ಲ. ಬೆಳಿಗ್ಗೆ ಪೂರ್ತಿ ಹೊರಗೆ ಬಿಟ್ಟು ಹೊಸ ನೀರು ತುಂಬಿಸಿ. ಗಿಡಕ್ಕೂ, ಮೀನಿನ ತೊಟ್ಟಿಗೂ ಆ ನೀರು ಹೋಗದಿರಲಿ.

ಪೈಪಿನ ದಾರಿ

ಟ್ಯಾಂಕಿನಲ್ಲೇ ಬ್ಯಾಕ್ಟೀರಿಯಾ ಸತ್ತ ಮೇಲೆ ಕ್ಲೋರಿನ್ ಉಳಿಯುವುದು ಯಾಕೆ ಬೇಕು? ಮುಂದೆ ಪೈಪ್ ಇದೆಯಲ್ಲ. ನಮ್ಮ ಬಹುಪಾಲು ಊರುಗಳಲ್ಲಿ ನೀರು ಬರುವುದು ದಿನಕ್ಕೆ ಒಂದೆರಡು ಗಂಟೆ, ಕೆಲವು ಕಡೆ ವಾರಕ್ಕೊಮ್ಮೆ. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಜೋಡಣೆಯ ಬಿರುಕಿನಿಂದ, ಚರಂಡಿಯೊಳಗೇ ಹಾದುಹೋದ ಮನೆ ಸಂಪರ್ಕದ ಪೈಪಿನಿಂದ ಹೊರಗಿನ ಕೊಳಚೆ ಒಳಗೆ ಜಿನುಗುತ್ತದೆ. ಮನೆಯವರು ನಲ್ಲಿಗೇ ಮೋಟರ್ ಹಾಕಿ ಎಳೆದರೆ ಇನ್ನೂ ಜೋರಾಗಿ ಒಳಗೆ ಬರುತ್ತದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಬಂದ ಮೇಲೆ, ಸಂಶೋಧಕರು ಆ ನೀರನ್ನೂ ಬಿಟ್ಟುಬಿಟ್ಟು ಬರುವ ವಾರ್ಡುಗಳ ನೀರನ್ನೂ ಹೋಲಿಸಿ ನೋಡಿದರು. ಬಿಟ್ಟುಬಿಟ್ಟು ಬರುವ ನೀರಿನಲ್ಲಿ ಮಲದ ಮೂಲದ ಬ್ಯಾಕ್ಟೀರಿಯಾ ಹೆಚ್ಚು ಸಲ ಸಿಕ್ಕಿತು. ನೀರು ಬಿಟ್ಟ ಕೂಡಲೇ ಬರುವ ಮೊದಲ ನೀರಿನಲ್ಲಿ ಕೊಳೆ ಜಾಸ್ತಿ ಇತ್ತು. ಆ ಮೊದಲ ಕೊಡವನ್ನು ಕುಡಿಯಲು ಹಿಡಿಯದೆ ಪಾತ್ರೆ, ಬಟ್ಟೆಗೆ ಇಟ್ಟುಕೊಳ್ಳುವುದು ಜಾಣತನ.

ದಾರಿಯಲ್ಲಿ ಸೇರುವ ಇಂಥ ಕೊಳೆಯನ್ನು ಎದುರಿಸುವುದು ಉಳಿಕೆ ಕ್ಲೋರಿನ್. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದ ಪ್ರಕಾರ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ವೈರಸ್ಸಿನಿಂದಲೂ ರಕ್ಷಣೆ ಬೇಕಾದಾಗ 0.5. ಅಳೆಯಬೇಕಾದ್ದು ಬಳಕೆದಾರರ ತುದಿಯಲ್ಲಿ ಅಂತ ಮಾನದಂಡದಲ್ಲೇ ಬರೆದಿದೆ. ಟ್ಯಾಂಕಿನ ಬುಡದ ನಲ್ಲಿಯಲ್ಲಿ ಅಳೆದು ವರದಿ ಬರೆದರೆ ಅದಕ್ಕೆ ಅರ್ಥವಿಲ್ಲ.

ಶುದ್ಧ ನೀರಿನ ಘಟಕದ ಆರ್‌ಒ ನೀರಿನ ಬಗ್ಗೆಯೂ ಒಂದು ಮಾತು. ಕ್ಲೋರಿನ್ ಆರ್‌ಒ ಪೊರೆಯನ್ನು ಹಾಳು ಮಾಡುತ್ತದೆ, ಹಾಗಾಗಿ ಮೊದಲೇ ಅದನ್ನು ತೆಗೆದುಬಿಡುತ್ತಾರೆ. ಹೊರಗೆ ಬರುವ ನೀರು ಶುದ್ಧವೇ, ಆದರೆ ಅದಕ್ಕೆ ಕಾವಲಿಲ್ಲ. ಒಳಗೆ ಪಾಚಿ ಕಟ್ಟಿದ 20 ಲೀಟರ್ ಕ್ಯಾನಿಗೆ ಹಿಡಿದು, ಬಾಯಿ ತೆರೆದು, ಲೋಟ ಅದ್ದಿ ತೆಗೆದರೆ ಅದು ಬೇಗ ಕೆಡುತ್ತದೆ. ಕ್ಯಾನನ್ನು ಆಗಾಗ ಬ್ರಷ್ ಹಾಕಿ ತೊಳೆಯಬೇಕು.

ಕ್ಲೋರಿನ್ನಿನಿಂದ ಆಗದ ಕೆಲಸಗಳೂ ಇವೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಫ್ಲೋರೈಡಿಗೆ ಇದು ಏನೂ ಮಾಡುವುದಿಲ್ಲ. ನೈಟ್ರೇಟ್, ಗಡಸುತನಕ್ಕೂ ಅಷ್ಟೆ. ಕ್ರಿಪ್ಟೋಸ್ಪೋರಿಡಿಯಂ ಅನ್ನುವ ಪರಾವಲಂಬಿ ಜೀವಿ ಗಟ್ಟಿ ಕವಚದೊಳಗೆ ಇರುವುದರಿಂದ ಕ್ಲೋರಿನ್ನಿಗೆ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಇದರಿಂದ ಸುಮಾರು ನಾಲ್ಕು ಲಕ್ಷ ಜನ ಕಾಯಿಲೆ ಬಿದ್ದರು. ಕುದಿಸಿದರೆ ಅದೂ ಸಾಯುತ್ತದೆ.

ಕ್ಲೋರಿನ್ ನೀರು ಕುಡಿದರೆ ಕ್ಯಾನ್ಸರ್ ಬರುತ್ತದಾ ಅಂತ ಕೇಳುವವರಿದ್ದಾರೆ. ಪ್ರಶ್ನೆಗೆ ಆಧಾರ ಇದೆ. 1974ರಲ್ಲಿ ರಾಟರ್‌ಡ್ಯಾಮಿನ ಯೋಹಾನಸ್ ರೂಕ್, ಎಲೆ-ಕೊಳೆಯ ಅಂಶದ ಜೊತೆ ಕ್ಲೋರಿನ್ ಸೇರಿ ಟ್ರೈಹ್ಯಾಲೋಮೀಥೇನ್ ಅನ್ನುವ ವಸ್ತುಗಳು ಹುಟ್ಟುತ್ತವೆ ಅಂತ ತೋರಿಸಿದರು. ಅವುಗಳಿಗೆ ಮಿತಿ ಗೊತ್ತುಮಾಡಿದ್ದಾರೆ. ಆದರೆ ಕ್ಲೋರಿನ್ ಇಲ್ಲದ ನೀರಿನ ಅಪಾಯಕ್ಕೆ ಹೋಲಿಸಿದರೆ ಇದು ತೀರಾ ಚಿಕ್ಕದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಖಚಿತ ನಿಲುವು. ನೀರನ್ನು ಮೊದಲು ಸೋಸಿ ಆಮೇಲೆ ಕ್ಲೋರಿನ್ ಹಾಕಿದರೆ ಈ ವಸ್ತುಗಳು ಹುಟ್ಟುವುದೂ ಕಡಿಮೆಯಾಗುತ್ತದೆ.

ಬಾತ್‌ರೂಮಿನ ಅಪಾಯ

ಇದನ್ನು ಮಾತ್ರ ಮನೆಮಂದಿಗೆಲ್ಲ ಹೇಳಿ. ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ಆಸಿಡ್ ಸುರಿಯಬಾರದು. ಟಾಯ್ಲೆಟ್ ಕ್ಲೀನರುಗಳಲ್ಲಿ ಬಹಳಷ್ಟು ಹೈಡ್ರೋಕ್ಲೋರಿಕ್ ಆಮ್ಲ ಇರುವಂಥವು. ಎರಡೂ ಸೇರಿದರೆ ಸುಣ್ಣ ಹಿಡಿದಿಟ್ಟಿದ್ದ ಕ್ಲೋರಿನ್ ಮತ್ತೆ ಅನಿಲವಾಗಿ ಹೊರಗೆ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲಿನಲ್ಲಿ, ಬೆಲ್ಜಿಯಂನ ಈಪ್ರ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ, ಹಬ್ಬದ ಹಿಂದಿನ ದಿನ, ಟೈಲ್ಸ್ ಚೆನ್ನಾಗಿ ಬಿಳಿಯಾಗಲಿ ಅಂತ ಎರಡನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ಕೆಮ್ಮು, ಎದೆ ಉರಿ, ಉಸಿರು ಕಟ್ಟುವುದು ಶುರುವಾದರೆ ಉಜ್ಜುವುದು ಬಿಟ್ಟು ತಕ್ಷಣ ಹೊರಗೆ ಗಾಳಿಗೆ ಬರಬೇಕು. ಉಸಿರಾಟ ಸುಧಾರಿಸದಿದ್ದರೆ ಆಸ್ಪತ್ರೆಗೆ ಹೋಗಬೇಕು. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬೆರೆಸಬಾರದು.

ಮೈಮೇಲೂ ಇದನ್ನು ಸಿಂಪಡಿಸಬಾರದು. 2020ರ ಮಾರ್ಚಿನಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕೂಲಿ ಕಾರ್ಮಿಕರನ್ನು ರಸ್ತೆಯಲ್ಲಿ ಕೂರಿಸಿ ಸೋಂಕುನಾಶಕ ಸಿಂಪಡಿಸಿದರು. ಮಕ್ಕಳೂ ಇದ್ದರು. ಮುಂದಿನ ತಿಂಗಳೇ ಕೇಂದ್ರ ಆರೋಗ್ಯ ಇಲಾಖೆ ಮನುಷ್ಯರ ಮೇಲೆ ಇಂಥದ್ದು ಸಿಂಪಡಿಸಬೇಡಿ ಅಂತ ಸೂಚನೆ ಹೊರಡಿಸಬೇಕಾಯಿತು. ನೆಲ, ಮೇಜು ಒರೆಸಲು, ರಕ್ತ ಚೆಲ್ಲಿದ ಕಡೆ ಹಾಕಲು ಆಸ್ಪತ್ರೆಯವರು ಬಳಸುವುದು ಒಂದು ಶೇಕಡಾ ದ್ರಾವಣ. ಲೀಟರ್ ನೀರಿಗೆ ಹೊಸ ಪುಡಿ 30 ಗ್ರಾಂ. ಅದನ್ನು ಅವತ್ತವತ್ತೇ ಮಾಡಿಕೊಳ್ಳಬೇಕು.

ಮನೆಯಲ್ಲಿ ಕುಡಿಯುವ ನೀರಿಗೆ ಅಂಗಡಿಯ ಪರಿಮಳದ ಬ್ಲೀಚ್ ಹಾಕಬೇಡಿ, ಅದರಲ್ಲಿ ಬೇರೆ ಏನೇನೋ ಇರುತ್ತದೆ. ಆಶಾ ಕಾರ್ಯಕರ್ತೆಯರು ಕೊಡುವ ಕ್ಲೋರಿನ್ ಮಾತ್ರೆ ಇದ್ದರೆ ಪೊಟ್ಟಣದ ಮೇಲೆ ಬರೆದಷ್ಟು ನೀರಿಗೆ ಬರೆದಷ್ಟೇ ಹಾಕಿ. ಅರ್ಧ ಗಂಟೆ ಮುಚ್ಚಿಡಿ.

ಕೊನೆಯ ನಲ್ಲಿ

ಪರೀಕ್ಷೆ ಮಾಡಲು ಲ್ಯಾಬ್ ಬೇಕಿಲ್ಲ. ಪಂಚಾಯ್ತಿಯಲ್ಲಿ ಕ್ಲೋರೋಸ್ಕೋಪ್ ಅಥವಾ ನೀರು ಪರೀಕ್ಷೆಯ ಕಿಟ್ ಇರುತ್ತದೆ, ಕೇಳಿ. ಸಣ್ಣ ಗಾಜಿನ ಕೊಳವೆಗೆ ಗುರುತಿನವರೆಗೆ ನೀರು ಹಿಡಿದು ಔಷಧಿಯ ಹನಿ ಹಾಕಬೇಕು. ಆರ್ಥೋಟೊಲಿಡಿನ್ ಆದರೆ ನೀರು ಹಳದಿಗೆ ತಿರುಗುತ್ತದೆ, ಡಿಪಿಡಿ ಆದರೆ ಗುಲಾಬಿಗೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿದರೆ ಅಂಕಿ ಸಿಗುತ್ತದೆ. ಆರ್ಥೋಟೊಲಿಡಿನ್ ಹಾಕಿದಾಗ ತಕ್ಷಣ ಮೂಡುವ ಬಣ್ಣವನ್ನೇ ಓದಬೇಕು. ನಿಧಾನವಾಗಿ ಏರುವ ಹಳದಿ ಕ್ಲೋರಮೈನಿನದ್ದು. ಆ ಔಷಧಿ ವಿಷ, ಪರೀಕ್ಷೆಯ ನೀರನ್ನು ಚೆಲ್ಲಿ ಕೊಳವೆಯನ್ನೂ ಕೈಯನ್ನೂ ತೊಳೆಯಬೇಕು.

ಪರೀಕ್ಷೆಯನ್ನು ಟ್ಯಾಂಕಿನ ಹತ್ತಿರ ಮಾಡಬೇಡಿ. ಲೈನಿನ ತುದಿಯಲ್ಲಿರುವ ಮನೆಗೆ ಹೋಗಿ. ನಮ್ಮ ಹಳ್ಳಿಗಳಲ್ಲಿ ಆ ತುದಿ ಹೆಚ್ಚಾಗಿ ಬಡವರ ಕೇರಿ, ಕಾಲೋನಿ, ಆಮೇಲೆ ಬೆಳೆದ ಹೊಸ ಬಡಾವಣೆ. ಒತ್ತಡ ಕಡಿಮೆ ಇರುವುದೂ, ಕೊಳಚೆ ಸೇರುವುದೂ, ಕ್ಲೋರಿನ್ ಮುಗಿಯುವುದೂ ಅಲ್ಲೇ. ಅಲ್ಲಿ ನೀರು ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ಹಿಡಿದ ನೀರಿನಲ್ಲಿ ಬಣ್ಣ ಬಂದರೆ ಊರಿಗೆಲ್ಲ ಕ್ಲೋರಿನ್ ತಲುಪಿದೆ. ಬಾರದಿದ್ದರೆ ಮೊದಲು ಪುಡಿಯ ತಯಾರಿಕೆ ದಿನಾಂಕ ನೋಡಿ, ಆಮೇಲೆ ದಾರಿಯ ಒಂದೆರಡು ನಲ್ಲಿಗಳಲ್ಲಿ ಹಿಂದಕ್ಕೆ ಪರೀಕ್ಷಿಸುತ್ತಾ ಬನ್ನಿ. ಬಣ್ಣ ಇರುವ ನಲ್ಲಿಗೂ ಇಲ್ಲದ ನಲ್ಲಿಗೂ ನಡುವೆ ಎಲ್ಲೋ ಪೈಪ್ ಸೋರುತ್ತಿರುವ ಸಾಧ್ಯತೆ ಜಾಸ್ತಿ. ದಿನಾಂಕ, ಹೊತ್ತು, ಯಾವ ನಲ್ಲಿ, ಎಷ್ಟು ಅಂಕಿ ಅಂತ ಬರೆದು ಪಿಡಿಒಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಆ ಜಾಗ ಅಗೆದು ಸರಿಪಡಿಸುವವರೆಗೆ ಆ ಭಾಗದ ಮನೆಗಳವರು ನೀರು ಕುದಿಸಿಯೇ ಕುಡಿಯಬೇಕು.